ಥರ್ಮಾಕೋಲ್ ಬಾವಿ

ಆ ಬುಧವಾರ ಬೆಳಿಗ್ಗೆ ಕೊಟ್ಟೂರಿನ ಮೇಲೆ ಮಂಜು ಇಳಿದು ಕೂತಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಿರ್ಚಿ ಕರಿಯುವ ವಾಸನೆ ಮೂಗಿಗೆ ಬರುತ್ತಿತ್ತು, ಹೋಟೆಲು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ರಸ್ತೆಯ ಬದಿಗೆ ಹರವಿದ ಮೆಕ್ಕೆಜೋಳಕ್ಕೆ ಹೊದಿಸಿದ ತಾಡಪಾಲುಗಳ ಮೇಲೆ ಇಬ್ಬನಿ ನಿಂತು, ಯಾರಾದರೂ ಕಾಲು ತಾಗಿಸಿದಾಗಲೆಲ್ಲ ಸುರಿದು ಹೋಗುತ್ತಿತ್ತು.

ಸುಕನ್ಯಾ ಅಂದು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಡ್ರಾಯಿಂಗ್ ಹಾಳೆ, ಬಣ್ಣ, ಥರ್ಮಾಕೋಲು, ಬಳೆ, ರಿಬ್ಬನ್ನು ಮಾರುವ ಅಂಗಡಿ ಅದು. ಒಂದು ಹೊತ್ತು ಮುಚ್ಚಿದರೆ ಊರೇನೂ ಮುಳುಗುವುದಿಲ್ಲ. ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತು, ಎದ್ದಾಗ ಅವಳ ಮನಸ್ಸು ತಿಳಿಯಾಗಿತ್ತು. ಕಳೆದ ವಸ್ತು ಹುಡುಕಿಕೊಡು ಎಂದು ಜನ ಅವಳ ಹತ್ತಿರ ಬರಲು ಶುರುಮಾಡಿ ಬಹಳ ಕಾಲವಾಗಿತ್ತು. ಅವಳು ಹುಡುಕುವ ಬಗೆ ಒಂದೇ: ಉಳಿದವರೆಲ್ಲ ಓಡಾಡುವಾಗ ತಾನು ಒಂದು ಕಡೆ ಕೂತು ನೋಡುವುದು.

ಇವತ್ತು ಹಾಗೆ ಕೂರುವಷ್ಟು ಹೊತ್ತಿರಲಿಲ್ಲ. ಸೋಮವಾರ ಎರ್ರಮ್ಮನ ಇಷ್ಟಲಿಂಗ ಅದನ್ನಿಡುವ ಬೆಳ್ಳಿ ಕರಡಿಗೆ ಸಮೇತ ಮಾಯವಾದಾಗಿನಿಂದ ಲಿಂಗಪೂಜೆಯಾಗದೆ ಏನೂ ಸೇವಿಸದ ಆ ಮುದುಕಿ ಒಂದು ಹನಿ ನೀರನ್ನೂ ಬಾಯಿಗೆ ಹಾಕಿರಲಿಲ್ಲ.

ಎರ್ರಮ್ಮನ ಮಗ ಕರಿಸಿದ್ದಪ್ಪ ತನ್ನ ಮೆಕ್ಕೆಜೋಳದ ಮಂಡಿಯ ಗಾದಿಯ ಮೇಲೆ ಕೂತಿದ್ದ. ಎದುರಿಗೆ ಲೋಟದಲ್ಲಿ ಚಹಾ ಆರಿ, ಮೇಲೆ ಕೆನೆ ಕಟ್ಟಿತ್ತು.

"ಬಾರವ್ವ ಸುಕನ್ಯಾ. ಸ್ವಾಮಿಗಳ್ನ ಕರಸೀನಿ, ಹೊಸ ಲಿಂಗ ಕಟ್ತಾರ ಅಂದ್ರೂ ಒಲ್ಲೆ ಅಂತಾಳ. ಹಳೇದು ಎಲ್ಲೈತಿ ಅಂತ ಗೊತ್ತಾಗೋಮಟ ಹೊಸದಕ್ಕ ಕೊರಳು ಕೊಡಂಗಿಲ್ಲ ಅಂತ ಹಟ ಹಿಡಿದು ಕುಂತಾಳ."

"ಡಾಕ್ಟ್ರು ಏನಂದ್ರು ಅಣ್ಣಾರ?"

"ಸಲಾಯಿನ್ ಹಾಕಾಕ ಬಂದ್ರ ಕೈಯಿ ಸೆರಗಿನಾಗ ಮುಚ್ಚಿಗೊಂಡ್ಳು. ಇವತ್ತು ಸಂಜಿ ದಾಟಿದ್ರ ನಂದೇನೂ ನಡಿಯಂಗಿಲ್ಲ ಅಂದು ಅವ್ರೂ ಹೋದ್ರು." ಅವನು ದನಿ ತಗ್ಗಿಸಿದ. "ನಾ ಮೊದ್ಲಿಂದ ಹೇಳಾಕತ್ತೀನಿ, ಆ ಗುಡೇಕೋಟಿ ಹುಡುಗನ್ನ ಸ್ಟೇಷನ್ನಾಗ ಕೂಡ್ರಿಸಿದ್ರ ಎಲ್ಲಾ ಹೊರಗ ಬರ್ತೈತಿ. ಅವ್ವನ ಬಿಡವಲ್ಲಳು."

"ಅಮ್ಮಾರು ಏನಂತಾರ?"

"'ಅವ ಕಳ್ಳಲ್ಲ, ಕೆಲಸಕ್ಕ ಬರ್ಲಿ' ಅಂತ ಅವನ್ನ ತಾನ ಕರಸ್ಯಾಳ. ಕದ್ದಾವಗ ಬಾಗ್ಲಾ ತೆಗದಿಡಾಕಿ ನಮ್ಮವ್ವ."

ಮಂಡಿಯ ಹೊರಗಿನ ಕಟ್ಟೆಯ ಮೇಲೆ ಆ ಹುಡುಗ ಕೂತಿದ್ದ. ಮೈಲಾರೇಶ. ಬೆಳಗಿನ ಮೊದಲ ಬಸ್ಸಿಗೆ ಬಂದವನು, ಒಳಗೆ ಬಾ ಎಂದು ಯಾರೂ ಅನ್ನದ ಕಾರಣ ಅಲ್ಲೇ ಕೂತು ಥರ್ಮಾಕೋಲಿನ ಒಂದು ತುಂಡಿಗೆ ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಗೆರೆ ಕೊರೆಯುತ್ತಿದ್ದ. ಅಡ್ಡ ಗೆರೆ, ನಡುವೆ ಉದ್ದ ಗೆರೆ, ಮತ್ತೆ ಅಡ್ಡ ಗೆರೆ. ನೋಡುತ್ತಿದ್ದಂತೆ ಟೀವಿಯ ಡಬ್ಬಿಯಲ್ಲಿ ಬಂದ ಬಿಳಿ ತುಂಡು ಕಲ್ಲು ಜೋಡಿಸಿದ ಕೋಟೆಯ ಗೋಡೆಯಾಗುತ್ತಿತ್ತು.

ಸುಕನ್ಯಾ ಅವನ ಪಕ್ಕ ಕೂತಳು.

"ಮೈಲಾರಿ, ನಿನ್ನಿ ಸಂಜಿಮುಂದ ಮ್ಯಾಲಿನ ಕ್ವಾಣ್ಯಾಗ ನೀ ಥರ್ಮಾಕೋಲಿನಾಗ ಮಾಡಿದ ಆಟದ ನೆಲಮಾಳಿಗಿ ನೋಡಿದೆ. ನಡುವಿನ ಬಾವಿ ಹೊಸದಾಗಿ ಕಾಣ್ತಲ್ಲ."

"ಹೊಸದ ಅಕ್ಕಾರ. ಮನ್ಯಾಗ ಮಾಡಿಟ್ಟಿದ್ದೊಂದನ್ನ ತಂದು ನಿನ್ನಿ ಮಧ್ಯಾಹ್ನ ಇಟ್ಟೀನಿ." ಅವನು ಪೆನ್ನು ನಿಲ್ಲಿಸಲಿಲ್ಲ. "ಹಳೇದು ಕೆಟ್ಟಿತ್ತು. ಯಾರೋ ಬಣ್ಣದ ಸ್ಪ್ರೇ ಹೊಡದಿದ್ರು. ಮೈಯೆಲ್ಲ ದ್ವಾಸಿ ಆದಂಗ ಆಗಿತ್ತು, ತೂತು ತೂತು."

"ಯಾರಂತ ಕೇಳಲಿಲ್ಲೇನು?"

"ನನ್ನನ್ನ ಕಳ್ಳ ಅನ್ನಾಕತ್ತಾರ. ಇದರಾಗ ನಾ ಯಾರನ್ನ ಏನು ಕೇಳ್ಲಿರಿ."

"ಆ ಹಳೇ ಬಾವಿ ಎಲ್ಲಿ?"

"ಮನಿಗಿ ಒಯ್ದೀನಿ. ಕಂಬಳಿಗಿ ಹಚ್ಚೂ ಹುಣಸಿಬೀಜದ ಗಂಜಿ ಇತ್ತು, ದಪ್ಪಗ ಬಳದ್ರ ಉಳದೀತೇನೋ ಅಂತ ಅವ್ವನ ಕೈಯಾಗ ಕೊಟ್ಟು ಬಂದೆ. ಒಣಗಿಸಿ ಮುಂದಿನ ಬಸ್ಸಿಗಿ ತರ್ತಾಳ. ಇವತ್ತು ಹೆಂಗೂ ಕಂಬಳಿ ಕೊಡಾಕ ಬರಾಕಿ ಅದಾಳ."

"ಎತ್ತಿದಾಗ ಭಾರ ಹೆಂಗಿತ್ತು?"

ಮೈಲಾರೇಶ ಈಗ ತಲೆ ಎತ್ತಿದ. "ಎಲ್ಲಾ ಬಾವಿಯಂಗ. ಫ್ಯಾನಿನ ಗಾಳಿಗಿ ಹಾರಬಾರದಂತ ತಳದಾಗ ಉಸುಕು ತುಂಬಿರ್ತೀನಲ್ಲ. ಹಲವಾಗಲು ಹೊಳಿ ಉಸುಕು, ಸಣ್ಣದು. ಯಾಕ್ರಿ?"

"ಸುಮ್ನ ಕೇಳಿದೆ. ನಿಮ್ಮವ್ವ ಬಂದಕೂಡ್ಲೆ ಮ್ಯಾಲ ಕರಕೊಂಡು ಬಾ. ಚೀಲ ಕೆಳಗ ಇಳಸಬ್ಯಾಡ ಅನ್ನು."

ಸುಕನ್ಯಾ ಎದ್ದಳು. ಬೇಕಾದದ್ದು ಸಿಕ್ಕಿತ್ತು. ಇನ್ನು ಉಳಿದದ್ದು ಬಚ್ಚಿಟ್ಟ ಕೈಯ ಹೆಸರು ಮಾತ್ರ, ಅದೂ ಅವಳಿಗೆ ಹೆಚ್ಚುಕಡಿಮೆ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಮಂಡಿಯ ಮೇಲಿನ ಮನೆಯ ಮಾಳಿಗೆ ಹತ್ತಿದವರು ಕೆಲವರೇ. ಕಸ ಹೊಡೆಯುವ ಅಂಜಿನಕ್ಕ, ಮೈಲಾರೇಶ, ಮತ್ತೆ ಎರ್ರಮ್ಮನ ಮೊಮ್ಮಗ ಪ್ರವೀಣಕುಮಾರ. ಎರ್ರಮ್ಮ ಅಂದು ಹಳೆಯ ಶಿವದಾರ ಸವೆದಿದೆಯೆಂದು ಹೊಸ ದಾರ ಹಾಕಲು ಬೆಳಕಿರುವ ಆ ಕೋಣೆಗೆ ಬಂದಿದ್ದಳು. ಕರಡಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟಿದ್ದಳು. ಕೆಳಗೆ ಯಾರೋ ಕರೆದರೆಂದು ಹೋಗಿ ಬರುವಷ್ಟರಲ್ಲಿ ಗೂಡು ಖಾಲಿ. ಕೂಡಲೇ ಮನೆಯ ಬಾಗಿಲು ಹಾಕಿಸಿ ಎಲ್ಲರ ಮೈ, ಚೀಲ, ಪೆಟ್ಟಿಗೆ ಜಾಲಾಡಿದ್ದರು. ಏನೂ ಸಿಗಲಿಲ್ಲ.

ಸಿಗಲಿಲ್ಲವೆಂದರೆ ಮನೆಯಿಂದ ಹೊರಗೆ ಹೋಗಿರಲಿಲ್ಲ ಎಂದೇ ಅರ್ಥ. ಜನ ಹುಡುಕಿದ್ದು ಚೀಲಗಳಲ್ಲಿ. ಆಟದ ಸಾಮಾನನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

*

ಮಾಳಿಗೆಯ ಕೋಣೆಯ ನಡುವೆ ಎರಡು ಡ್ರಮ್ಮುಗಳ ಮೇಲೆ ಹಳೆಯ ಸಾಗವಾನಿ ಬಾಗಿಲೊಂದನ್ನು ಮಲಗಿಸಿದ್ದರು. ಅದರ ತುಂಬ ಪಾಳೇಗಾರನ ನೆಲಮಾಳಿಗೆ ಹರಡಿತ್ತು.

ನಾಲ್ಕು ಬೆರಳೆತ್ತರದ ಗೋಡೆಗಳು, ಇಕ್ಕಟ್ಟಾದ ಓಣಿಗಳು, ಕೆಳಗಿಳಿಯುವ ಮೆಟ್ಟಿಲು, ಪೊರಕೆ ಕಡ್ಡಿಯ ಸರಳು ಹಾಕಿದ ಸೆರೆಮನೆ, ಐಸ್‌ಕ್ರೀಮ್ ಕಡ್ಡಿಯ ಬಾಗಿಲು. ದಾವಣಗೆರೆಯ ಹಾಸ್ಟೆಲಿನಲ್ಲಿ ಓದುವಾಗ ಪ್ರವೀಣಕುಮಾರ ಈ ಆಟ ಕಲಿತು ಬಂದಿದ್ದ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ತಮ್ಮ ತಮ್ಮ ಗೊಂಬೆಯನ್ನು ನೆಲಮಾಳಿಗೆಯಲ್ಲಿ ನಡೆಸುತ್ತಾರೆ, ಬಾಗಿಲು ತೆರೆಯಿತೇ, ಹಾವು ಕಚ್ಚಿತೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಆಟಕ್ಕೆಂದು ಹೊರದೇಶದಿಂದ ಬರುವ ಗೋಡೆ-ಮೆಟ್ಟಿಲುಗಳ ಬೆಲೆಗೆ ಒಂದು ಎತ್ತು ಬರುತ್ತಿತ್ತು. ಮೈಲಾರೇಶ ಅದರ ಚಿತ್ರವನ್ನೊಮ್ಮೆ ನೋಡಿ, ಅಂಗಡಿಯವರು ಬೀದಿಗೆಸೆದ ಟೀವಿ-ಫ್ರಿಜ್ಜಿನ ಥರ್ಮಾಕೋಲು ಆಯ್ದು ತಂದು, ಗುಡೇಕೋಟೆಯ ಗುಡ್ಡದ ಕಲ್ಲನ್ನೇ ಅದಕ್ಕೆ ಒತ್ತಿ ಕಲ್ಲಿನ ಮೈ ತಂದಿದ್ದ. ಮೇಲೆ ಹುಣಸೆಬೀಜದ ಗಂಜಿ, ಅದರ ಮೇಲೆ ಬೂದಿ ಕಲಸಿದ ಬಣ್ಣ. ಮುಟ್ಟಿದರೆ ತಣ್ಣಗಿರಬೇಕು ಅನ್ನಿಸುವಷ್ಟು ಕಲ್ಲು.

ಕಥೆ ಹೇಳುವುದಕ್ಕೆ ಹುಡುಗರು ಎರ್ರಮ್ಮನನ್ನೇ ಕೂಡಿಸುತ್ತಿದ್ದರು. ಅವಳು ಹೇಳುತ್ತಿದ್ದರೆ ಕಾಲೇಜು ಓದಿದವರೂ ದಾಳ ಹಾಕುವುದನ್ನು ಮರೆತು ಬಾಯಿ ತೆರೆದುಕೊಂಡು ಕೂರುತ್ತಿದ್ದರು.

ಆ ಎರ್ರಮ್ಮ ಈಗ ಖಾಲಿ ಗೂಡಿನ ಕೆಳಗೆ ಕಂಬಳಿಯ ಮೇಲೆ ಕೂತಿದ್ದಳು. ಸೋಮವಾರದಿಂದ ಅಲ್ಲಿಂದ ಕದಲಿರಲಿಲ್ಲ. ಹಣೆಯ ವಿಭೂತಿ ಮಾತ್ರ ತೇವ ಕಂಡಂತಿತ್ತು. ತುಟಿ, ಗಲ್ಲ, ಕಣ್ಣು ಎಲ್ಲ ಒಣಗಿದ್ದವು.

"ಬಂದ್ಯಾ ಮಗಳ," ಎಂದಳು. ಮಾತಿಗಿಂತ ಉಸಿರೇ ಹೆಚ್ಚಿತ್ತು.

"ಬಂದೆ ಅಮ್ಮಾರ. ಇವತ್ತು ಹುಡುಕಿಕೊಡ್ತೀನಿ."

ಎರ್ರಮ್ಮನ ಕೈ ಕೊರಳ ಹತ್ತಿರ ಹೋಗಿ, ಅಲ್ಲೇನೂ ಸಿಗದೆ ಮತ್ತೆ ಮಡಿಲಿಗಿಳಿಯಿತು.

ಮೇಜಿನ ಆಚೆ ಬದಿಯಲ್ಲಿ ಪ್ರವೀಣಕುಮಾರ ನಿಂತಿದ್ದ. ಇಸ್ತ್ರಿ ಅಂಗಿ, ಕೈಯಲ್ಲಿ ಹೊಸ ಗಡಿಯಾರ. ಅಜ್ಜಿಗೆ ಈ ಸ್ಥಿತಿ ಬಂದ ದಿನ ಮೊಮ್ಮಗ ಇಸ್ತ್ರಿ ಅಂಗಿ ತೊಟ್ಟದ್ದನ್ನು ಸುಕನ್ಯಾ ನೋಡಿದಳು, ನೋಡದವಳಂತೆ ಕುರ್ಚಿ ಎಳೆದುಕೊಂಡಳು.

"ತಮ್ಮಾ, ನನಗೂ ಒಂದಾಟ ಆಡಿಸು."

"ಈಗೇನಕ್ಕ ಆಟ? ಅಜ್ಜಿ ಹಿಂಗ ಕುಂತಿರೋವಾಗ."

"ಕುಂತು ಕುಂತು ಅವ್ರಿಗೂ ಬ್ಯಾಸರ ಆಗೈತಿ. ದಾಳ ಕೊಡು."

ಅವನು ಅಜ್ಜಿಯ ಕಡೆ ನೋಡಿದ. ಎರ್ರಮ್ಮ ಗಲ್ಲವನ್ನು ಮೆಲ್ಲಗೆ ಮುಂದಕ್ಕೆ ಮಾಡಿದಳು, ಕೊಡು ಎಂಬಂತೆ. ಮತ್ತೆ ಅವನಿಗೆ ದಾರಿಯಿರಲಿಲ್ಲ.

ಸುಕನ್ಯಾ ಮಣ್ಣಿನ ಗೊಂಬೆಗಳಲ್ಲಿ ತಲೆಯ ಮೇಲೆ ಗಂಟು ಹೊತ್ತ ಹೆಂಗಸಿನ ಗೊಂಬೆ ಆರಿಸಿ ಹೆಬ್ಬಾಗಿಲಲ್ಲಿ ನಿಲ್ಲಿಸಿದಳು. ದಾಳ ಉರುಳಿತು.

"ಎಲ್ಲಿಗಿ ಬಂತು?"

"ಕಾವಲುಗಾರನ ಮನಿಗಿ," ಎಂದ ಪ್ರವೀಣಕುಮಾರ. "ಅಲ್ಲಿ ಏನೂ ಇಲ್ಲ. ಮುಂದಕ್ಕ ನಡೀರಿ."

"ಇಲ್ಲಿ ನೋಡಪ, ನನ್ನ ಹೆಣ್ಣುಮಗಳ ಕಾಲಿಗಿ ಉಸುಕು ಹತ್ತೈತಿ." ಅವಳು ಬಾಗಿಲ ಹಲಗೆಯ ಸಂದಿಗೆ ಬೆರಳಿಟ್ಟು ಎತ್ತಿ ತೋರಿಸಿದಳು. ಬೆರಳ ತುದಿಯಲ್ಲಿ ಹೊಳೆಯ ಉಸುಕು ಮಿನುಗಿತು. "ನಿಮ್ಮ ಆಟದಾಗ ಉಸುಕು ಬರ್ತೈತೇನು?"

"ಮೈಲಾರಿ ಚೆಲ್ಲಿರಬೇಕು."

"ಅವ ಉಸುಕು ತುಂಬೂದು ತನ್ನ ಮನ್ಯಾಗ. ತಳ ಮುಚ್ಚಿ ಗಂಜಿ ಹಚ್ಚಿನ ಇಲ್ಲಿಗಿ ತರಾವ. ಮುಚ್ಚಿದ್ದನ್ನ ಯಾರಾದ್ರೂ ಬಿಚ್ಚಿದ್ರ ಮಾತ್ರ ಉಸುಕು ಇಲ್ಲಿ ಬೀಳ್ತೈತಿ."

"ಇಲಿ ಕಡದಿರಬೇಕು."

"ಇರಬೇಕು. ದಾಳ ಕೊಡು."

ಗೊಂಬೆ ಓಣಿಯ ತಿರುವು ದಾಟಿತು. ಕೆಳಗೆ ಮಂಡಿಯಲ್ಲಿ ಹಮಾಲರು ಚೀಲ ಇಳಿಸುವ ದಪ್ ದಪ್ ಸದ್ದು. ಸುಕನ್ಯಾ ಒಂದು ಗೋಡೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಅಯ್ಯ, ಈ ಗೋಡಿಗಿ ಸಿಡುಬು ಎದ್ದೈತಲ್ಲ."

ಗೋಡೆಯ ಒಂದು ಮೈ ನುಣ್ಣಗಿತ್ತು. ಬಾವಿಯ ಕಡೆಗಿದ್ದ ಇನ್ನೊಂದು ಮೈಯಲ್ಲಿ, ಗಂಜಿ ತೆಳುವಾಗಿದ್ದಲ್ಲೆಲ್ಲ ಸೂಜಿಯಿಂದ ಚುಚ್ಚಿದಂಥ ತೂತುಗಳು.

"ಪ್ರತಿ ವರ್ಷ ಸಾಲಿ ಎಗ್ಜಿಬಿಷನ್ ಬಂತಂದ್ರ ನನ್ನ ಅಂಗಡಿಗಿ ಅಳ್ಕಂತ ಬರ್ತಾವ ಮಕ್ಕಳು," ಎಂದಳು ಸುಕನ್ಯಾ. "ಥರ್ಮಾಕೋಲಿನ ಗುಡಿಗಿ ಡಬ್ಬಿ ಸ್ಪ್ರೇ ಹೊಡದಿರ್ತಾವ. ಆ ಗ್ಯಾಸು ಥರ್ಮಾಕೋಲ್ ತಿಂತೈತಿ. ಗುಡಿ ಹೋಗಿ ಜರಡಿ ಆಗಿರ್ತೈತಿ. ಈ ಗೋಡಿಗೂ ಹಂಗ ಆಗೈತಿ. ಯಾರೋ ಇಲ್ಲಿ, ಈ ಮ್ಯಾಜಿನ ಮ್ಯಾಲ, ಬಾವಿಗಿ ಸ್ಪ್ರೇ ಹೊಡದಾರ. ಬಾವಿಗಿ ಹೊಡದದ್ದು ಗೋಡಿಗೂ ಸಿಡದೈತಿ."

ಪ್ರವೀಣಕುಮಾರನ ಕಣ್ಣು ಹೊಸ ಬಾವಿಯ ಮೇಲಿತ್ತು. ಆ ಬಾವಿಗೆ ಒಂದೂ ತೂತಿರಲಿಲ್ಲ. ಅದನ್ನು ಅವನು ಗಮನಿಸಲೇ ಇಲ್ಲ. ಮುಟ್ಟಬಾರದೆಂದು ದೂರ ನಿಂತವನು ಹತ್ತಿರ ಹೋಗಿ ನೋಡುವುದಾದರೂ ಹೇಗೆ.

"ಯಾಕ ಹೊಡದಾರು ಅಂತೀ?" ಎಂದು ಸುಕನ್ಯಾ ಕೇಳಿದಳು.

"ನನಗೇನು ಗೊತ್ತಕ್ಕ."

"ಬಿಚ್ಚಿದ ಸಂದು ಕಾಣಬಾರದಂತ. ಮೈಲಾರಿ ಆಗಿದ್ರ ಗಂಜಿ ಬಳದು ಮುಚ್ಚತಿದ್ದ. ಗಂಜಿ ಕಾಸಾಕ ಬಾರದಾವ, ಅವಸರದಾಗ ಇದ್ದಾವ, ಕೈಗಿ ಸಿಕ್ಕ ಡಬ್ಬಿ ಒತ್ಯಾನ. ಹೋದ ತಿಂಗಳ ಗಾಡಿ ಮಡ್‌ಗಾರ್ಡಿಗಿ ಬೇಕಂತ ನನ್ನ ಅಂಗಡ್ಯಾಗ ನೀ ಒಯ್ದ ಡಬ್ಬಿ ಬಣ್ಣ ಯಾವ್ದು ತಮ್ಮಾ?"

"ಅಕ್ಕ, ಊರಾಗ ಎಷ್ಟು ಮಂದಿ ಹತ್ರ ಬೂದಿ ಬಣ್ಣದ ಡಬ್ಬಿ ಐತಿ."

"ನಾ ಬೂದಿ ಅನ್ನಲಿಲ್ಲಲ್ಲ."

ಅವನು ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿದ. ತಡವಾಗಿತ್ತು. ತೋರುಬೆರಳಿನ ಉಗುರಿನ ಬುಡದಲ್ಲಿ ಸೀಮೆಎಣ್ಣೆಗೂ ಬಗ್ಗದ ಬೂದು ಗೆರೆಯನ್ನು ಸುಕನ್ಯಾ ನಿನ್ನೆ ಸಂಜೆಯೇ ನೋಡಿದ್ದಳು, ಅವನು ಅವಳಿಗೆ ಚಹಾ ಕೊಡುವಾಗ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕರಿಸಿದ್ದಪ್ಪ ಬಂದು ಬಾಗಿಲಲ್ಲಿ ನಿಂತ. "ಇದೇನವ್ವ, ಹುಡುಕು ಅಂತ ಕರದ್ರ ಆಟ ಹೂಡಿಯಲ್ಲ."

"ಮುಗೀತು ಅಣ್ಣಾರ, ಕಡೀ ಮನಿ ಉಳದೈತಿ." ಸುಕನ್ಯಾ ದಾಳ ಹಾಕಿದಳು, ಬಿದ್ದದ್ದೇನೆಂದು ನೋಡಲೂ ಇಲ್ಲ. ಗಂಟು ಹೊತ್ತ ಹೆಂಗಸನ್ನು ಎತ್ತಿ ಬಾವಿಯ ದಂಡೆಯ ಮೇಲೆ ನಿಲ್ಲಿಸಿದಳು. "ನಾ ಈಗ ಬಾವ್ಯಾಗ ಇಳೀತೀನಿ."

ಪ್ರವೀಣಕುಮಾರನ ಅಂಗೈ ಬಾವಿಯ ಬಾಯಿ ಮುಚ್ಚಿತು.

"ಬಾವ್ಯಾಗ ಇಳಿಯಂಗಿಲ್ಲ. ಆಟದ ನಿಯಮ ಅದು."

"ಯಾವಾಗಿಂದೋ?"

ಕೇಳಿದ್ದು ಸುಕನ್ಯಾ ಅಲ್ಲ. ಎಲ್ಲರೂ ತಿರುಗಿದರು. ಎರ್ರಮ್ಮ ಗೋಡೆಗೊರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದ್ದಳು.

"ಯಾವಾಗಿಂದೋ ಪ್ರವೀಣ? ನಾ ಕಥಿ ಹೇಳುವಾಗ ದಿನಾ ಎಲ್ಲಾರನ್ನೂ ಅದರಾಗ ಇಳಸ್ತಿದ್ನಲ್ಲ."

ಸುಕನ್ಯಾ ದನಿ ಏರಿಸಲಿಲ್ಲ. ಹಟಮಾಡಿದ ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವವಳ ದನಿ ಅದು.

"ಹೇಳಪ. ಅವ್ರು ಬಾಯಿ ಒಣಗಿಸಿಗೊಂಡು ನಿನ್ನ ಮಾರಿ ನೋಡಾಕತ್ತಾರ. ಇದಕಿಂತ ಹೆಚ್ಚಿಗಿ ಯಾರೂ ನಿನ್ನ ಏನೂ ಕೇಳಂಗಿಲ್ಲ."

ಅವನು ಕೂತುಬಿಟ್ಟ. ಕುರ್ಚಿಯಲ್ಲಲ್ಲ, ನೆಲದ ಮೇಲೆ, ಇಸ್ತ್ರಿ ಅಂಗಿಯ ಸಮೇತ.

"ಇವತ್ತು ಹುಬ್ಬಳ್ಳಿಯಿಂದ ಆಟಿಕಿ ಅಂಗಡಿಯವ್ರು ಬರ್ತಾರ. ಇದರ ಫೋಟೊ ನೋಡಿ, ಹಿಂಥಾವು ನೂರು ಬೇಕಂದಾರ. ನಾನ ಮಾಡೀನಿ ಅಂತ ಹೇಳಿದ್ದೆ."

"ಮೈಲಾರಿ ಮಾಡಿದ್ದನ್ನ," ಎಂದಳು ಸುಕನ್ಯಾ.

"ಹೂಂ. ಅವ ಇಲ್ಲಿದ್ರ ಒಂದು ಮಾತಿನಾಗ ಗೊತ್ತಾಗ್ತಿತ್ತು. ಲಿಂಗ ಕಾಣಲಿಲ್ಲಂದ್ರ ಅಪ್ಪ ಅವನ್ನ ಮನಿ ಹೊಸ್ತಿಲ ತುಳಿಯಾಕ ಬಿಡಂಗಿಲ್ಲ, ಅವ್ರು ಬಂದು ಹೋದಮ್ಯಾಲ ಗೂಡಿನ ಹಿಂದ ಸಿಕ್ತು ಅಂತ ಕೊಟ್ರಾತು ಅನ್ಕೊಂಡಿದ್ದೆ. ಅಲ್ಲಿತನಕ ಸ್ವಾಮಿಗಳು ಬ್ಯಾರೆ ಲಿಂಗ ಕಟ್ತಾರ, ಅಜ್ಜಿ ಉಣ್ತಾಳ ಅನ್ಕೊಂಡಿದ್ದೆ." ಅವನು ಅಜ್ಜಿಯನ್ನು ನೋಡಲಾರದೆ ಕಂಬಳಿಯ ಅಂಚನ್ನು ನೋಡಿದ. "ನೀ ನೀರು ಬಿಟ್ಟಮ್ಯಾಲ ತೆಗದು ಕೊಡಬೇಕಂತ ಮಾಡಿದೆ ಅಜ್ಜಿ. ನೀ ಇಲ್ಲಿಂದ ಏಳಲೇ ಇಲ್ಲ. ನಿನ್ನ ಕಣ್ಣ ಮುಂದ ಹೆಂಗ ತಗೀಲಿ?"

ಕರಿಸಿದ್ದಪ್ಪನ ಕೈ ಮೇಲೆದ್ದಿತ್ತು.

"ಕರಿಸಿದ್ದಾ," ಎಂದಳು ಎರ್ರಮ್ಮ. ಅಷ್ಟೇ. ಕೈ ಇಳಿಯಿತು.

ಪ್ರವೀಣಕುಮಾರ ಎದ್ದು ಮೇಜಿನ ಮೇಲಿದ್ದ ಬ್ಲೇಡು ತೆಗೆದುಕೊಂಡ. ಬಾವಿಯನ್ನು ಮಗ್ಗುಲಿಗೆ ಕೆಡವಿ ತಳ ಕೊಯ್ದ. ಬೆರಳು ತೂರಿಸಿದ. ಮತ್ತಷ್ಟು ಕೊಯ್ದ. ಸಣ್ಣ ಉಸುಕು ಧಾರೆಯಾಗಿ ಸುರಿದು ಪಾಳೇಗಾರನ ಸೆರೆಮನೆಯನ್ನು ತುಂಬಿತು. ಉಸುಕು ನಿಂತ ಮೇಲೆ ಬಾವಿಯಲ್ಲಿ ಏನೂ ಉಳಿದಿರಲಿಲ್ಲ.

"ಇಲ್ಲೇ ಇಟ್ಟಿದ್ದೆ," ಎಂದ. "ಅಜ್ಜಿ, ನಿನ್ನಾಣಿ, ಇಲ್ಲೇ ಇಟ್ಟಿದ್ದೆ."

ಎರ್ರಮ್ಮನ ಬೆನ್ನು ಮತ್ತೆ ಗೋಡೆಗೆ ತಾಗಿತು. ಕರಿಸಿದ್ದಪ್ಪ ಮಗನ ಕೊರಳಪಟ್ಟಿ ಹಿಡಿಯುವುದಕ್ಕೂ ಸುಕನ್ಯಾ ನಡುವೆ ನಿಲ್ಲುವುದಕ್ಕೂ ಸರಿಹೋಯಿತು.

"ಬಿಡ್ರಿ ಅಣ್ಣಾರ, ಸುಳ್ಳು ಹೇಳವಲ್ಲ. ಇದು ಅವ ಸ್ಪ್ರೇ ಹೊಡದ ಬಾವಿ ಅಲ್ಲ. ಆ ಬಾವಿನ ಮೈಲಾರಿ ನಿನ್ನಿ ರಿಪೇರಿಗಂತ ಮನಿಗಿ ಒಯ್ದಾನ, ಒಳಗ ಏನೈತಂತ ತಿಳೀದ. ಅಮ್ಮಾರ, ನಿಮ್ಮ ಕಣ್ಣ ಮುಂದ ಒಂದು ಬಾವಿ ತಗಂಡು ಹೋದ ನೋಡ್ರಿ, ಅದ."

ಎರ್ರಮ್ಮ ಕಣ್ಣು ಮುಚ್ಚಿ ತೆರೆದಳು. "ಹಂಗಾರ ನನ್ನ ಲಿಂಗ ನನ್ನ ಮುಂದಾಸಿನ ಹೋತಾ?"

"ಹೋಗೈತಿ. ಬಸ್ಸು ಹತ್ತಿ ವಾಪಸ್ ಬರಾಕತ್ತೈತಿ."

ಎಲ್ಲರೂ ಕಿಟಕಿಯ ಕಡೆ ಕಿವಿ ಕೊಟ್ಟು ನಿಂತರು. ಮಂಜು ಹರಿದು ಬೀದಿಗೆ ಬಿಸಿಲು ಬಿದ್ದಿತ್ತು. ಯಾವುದೋ ಟ್ರ್ಯಾಕ್ಟರು ಹೋಯಿತು. ಕೂಡ್ಲಿಗಿ ಕಡೆಯ ಬಸ್ಸಿನ ಹಾರ್ನು ಕೇಳಿದಂತಾಯಿತು, ಆಮೇಲೆ ಅಲ್ಲವೆನ್ನಿಸಿತು. ಅಂಜಿನಕ್ಕ ಬಾಗಿಲಿಗೆ ಬಂದು, ಹುಬ್ಬಳ್ಳಿಯವರು ಯಾರೋ ಬಂದು ಮಂಡಿಯಲ್ಲಿ ಕೂತಿದ್ದಾರೆಂದಳು.

ಪ್ರವೀಣಕುಮಾರ ಅಂಗಿಯ ಮೇಲಿನ ಉಸುಕು ಕೊಡವಲಿಲ್ಲ. "ಮಾಡಿದಾವ ನಾನಲ್ಲ, ಮಾಡಿದಾವ ಹೊರಗ ಕಟ್ಟಿ ಮ್ಯಾಲ ಕುಂತಾನ ಅಂತ ಹೇಳಿ ಬರ್ತೀನಿ," ಎಂದ. ಬ್ಲೇಡನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಹೋದ. ಯಾರೂ ತಡೆಯಲಿಲ್ಲ.

*

ಮೈಲಾರೇಶನ ತಾಯಿ ಗಾದೆಮ್ಮ ಮೆಟ್ಟಿಲು ಹತ್ತಿ ಬಂದಾಗ ಹಿಂದೆ ಮಗ, ಅವನ ಹಿಂದೆ ಪ್ರವೀಣಕುಮಾರ. ಅವಳ ತಲೆಯ ಮೇಲೆ ಮಾರುವ ಕಂಬಳಿಗಳಿರಲಿಲ್ಲ. ಅವನ್ನು ಬಸ್ಸಿನಲ್ಲೇ ಯಾರ ಕೈಗೋ ಒಪ್ಪಿಸಿ ಬಂದಿದ್ದಳು. ಎದೆಗೆ ಅವುಚಿಕೊಂಡಿದ್ದದ್ದು ಒಂದೇ ಗಂಟು, ಹೊಸ ಕರಿ ಕಂಬಳಿಯದು.

"ಅಮ್ಮಾರ," ಎಂದು ಹೊಸ್ತಿಲಲ್ಲೇ ನಿಂತಳು. "ಗಂಜಿ ಬಳಿಯುವಾಗ ಮಗ್ಗಲು ಮುರದು ಒಳಗ ಬೆಳ್ಳಿ ಹೊಳೀತ್ರಿ. ಲಿಂಗದ ಕರಡಿಗಿ ಅಂತ ಗೊತ್ತಾತು. ಮುಂದ ಕೈ ಹಚ್ಚಲಿಲ್ಲ. ನನ್ನ ಮಗ ತಗದಾನಂತ ಅನ್ಕೊಂಡು ಆಗಿನಿಂದ ಉಸುರು ಹಿಡಕಂಡೀನಿ. ಈಗ ಈ ತಮ್ಮ ಕೆಳಗ ಎಲ್ಲಾ ಹೇಳಿದ."

"ಒಳಗ ಬಾ ಗಾದೆಮ್ಮ. ಹೊಸ್ತಿಲ ಮ್ಯಾಲ ನಿಂದರಬ್ಯಾಡ."

ಗಾದೆಮ್ಮ ಬಂದು ಗಂಟನ್ನು ಎರ್ರಮ್ಮನ ಮುಂದಿಟ್ಟು ಹಿಂದಕ್ಕೆ ಸರಿದಳು. ಎರ್ರಮ್ಮ ತನ್ನ ಕೈಯಿಂದಲೇ ಬಿಚ್ಚಿದಳು. ಗಂಜಿ ಒಣಗಿ ಕಲ್ಲಿನಂತಾಗಿದ್ದ ಬಾವಿಯನ್ನು ಬೆರಳುಗಳಿಂದ ಚೂರು ಚೂರಾಗಿ ಮುರಿದಳು. ಯಾರೂ ನೆರವಿಗೆ ಹೋಗಲಿಲ್ಲ. ಅದು ಮತ್ತೊಬ್ಬರು ಕೈಯಿಡುವ ಕೆಲಸವಲ್ಲವೆಂದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು.

ಕರಡಿಗೆ ಹೊರಬಂತು. ಕರಗಿದ ಥರ್ಮಾಕೋಲು ಬೂದು ಚರ್ಮದಂತೆ ಬೆಳ್ಳಿಗೆ ಕಚ್ಚಿಕೊಂಡಿತ್ತು. ಎರ್ರಮ್ಮ ಅದನ್ನು ಉಗುರಿನಿಂದ ಸುಲಿದು ಮುಚ್ಚಳ ತಿರುಗಿಸಿದಳು. ಒಳಗೆ ಲಿಂಗ ಒಂದು ಗೀರೂ ಇಲ್ಲದೆ ಕರ್ರಗೆ ಕೂತಿತ್ತು.

ಎಡಗೈಯಲ್ಲಿ ಅದನ್ನಿಟ್ಟುಕೊಂಡು ಅವಳು ಬಹಳ ಹೊತ್ತು ನೋಡಿದಳು. ಅಳಬೇಕೆಂದರೂ ಮೈಯಲ್ಲಿ ನೀರಿರಲಿಲ್ಲ. ಕೋಣೆಯಲ್ಲಿ ಎಲ್ಲರ ಕೈಗಳೂ ತಾವಾಗಿಯೇ ಜೋಡಿದ್ದವು. ಸುಕನ್ಯಾಳಿಗೆ ತನ್ನ ಕೊರಳಿನ ಲಿಂಗದ ಭಾರ ಆ ಗಳಿಗೆ ಹಿತವೆನಿಸಿತು. ಕೆಲಸ ಮುಗಿಯಿತು ಎಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ತೆಗೆಯಬಹುದು.

ಅಂಜಿನಕ್ಕ ತಾಮ್ರದ ಚಂಬಿನಲ್ಲಿ ನೀರು ತಂದಳು.

ಎರ್ರಮ್ಮ ಚಂಬನ್ನು ತೆಗೆದುಕೊಳ್ಳಲಿಲ್ಲ. "ತಡಿ," ಎಂದಳು. "ಲಿಂಗ ತಿರುಗಿ ಬಂದ್ರ ಮೊದ್ಲು ಒಂದು ಕೆಲಸ, ಆಮ್ಯಾಲ ನೀರು ಅಂತ ಆ ಶಿವನಿಗಿ ಮಾತು ಕೊಟ್ಟು ಕುಂತೀನಿ."

ಅವಳು ಖಾಲಿ ಕರಡಿಗೆಯೊಳಗೆ ಕಿರುಬೆರಳು ಹಾಕಿ ತಳದ ಬಟ್ಟೆಯ ಮೆತ್ತೆಯನ್ನು ಎಬ್ಬಿಸಿದಳು. ಮೆತ್ತೆಯ ಕೆಳಗಿನಿಂದ ಏನನ್ನೋ ತೆಗೆದಳು. ಕಡಲೆಕಾಳಿನಷ್ಟು ಬಂಗಾರ. ತಾಳಿಯ ಗುಂಡು.

"ಗಾದೆಮ್ಮ, ಇಲ್ಲಿ ಬಾ. ನಿಮ್ಮವ್ವನ ಹೆಸರು ಕೆಂಚಕ್ಕ ಅಲ್ಲನು?"

"ಹೂಂರಿ ಅಮ್ಮಾರ." ಗಾದೆಮ್ಮನ ಮುಖದಲ್ಲಿ ಏನೂ ತಿಳಿಯದ ನಗುವೊಂದಿತ್ತು. "ಹೋಗಿ ಎಷ್ಟೋ ಕಾಲ ಆತು. ಕಂಬಳಿ ಹೊತ್ತು ಈ ಊರ ಸಂತಿಗಿ ಬಂದಾಕಿ ತಿರುಗಿ ಬರಲಿಲ್ಲ. ನಾ ಆವಾಗ ಲಂಗದ ಹುಡುಗಿ. ಊರ ಮಂದಿ ಯಾರ ಹಿಂದೋ ಓಡಿಹೋದ್ಳು ಅಂದ್ರು. ನೀವ್ಯಾಕ ಕೇಳಾಕತ್ತೀರಿ?"

"ಆಕಿ ಎಲ್ಲಿಗೂ ಓಡಿಹೋಗಲಿಲ್ಲ. ಇದು ಆಕಿ ಕೊರಳಾನ ತಾಳಿ ಗುಂಡು," ಎಂದಳು ಎರ್ರಮ್ಮ.

ಕರಿಸಿದ್ದಪ್ಪ ಒಂದು ಹೆಜ್ಜೆ ಮುಂದೆ ಬಂದ. ಮಗ ಕದ್ದನೆಂದಾಗಲೂ ಹೀಗೆ ಬಣ್ಣ ಕಳೆಯದ ಮುಖ ಈಗ ಸುಣ್ಣದ ಗೋಡೆಯಂತಾಗಿತ್ತು.

"ಅವ್ವಾ, ಅದನ್ನ ಕೊಡಬ್ಯಾಡ. ಕೈ ಮುಗೀತೀನಿ, ಕೊಡಬ್ಯಾಡ."

ಸುಕನ್ಯಾ ಅವನ ಮುಖವನ್ನೂ ಮುದುಕಿಯ ಅಂಗೈಯನ್ನೂ ಒಮ್ಮೆಗೇ ನೋಡಿದಳು. ಇಷ್ಟು ವರ್ಷ ದಿನಾ ಪೂಜೆ ಮಾಡುವಾಗ ಲಿಂಗದ ಕೆಳಗೆ ಈ ಗುಂಡಿತ್ತು. ಅದು ಅಲ್ಲಿದೆಯೆಂದೂ ಕೆಂಚಕ್ಕ ಏನಾದಳೆಂದೂ ಈ ಮನೆಯಲ್ಲಿ ಇನ್ನೊಬ್ಬನಿಗೂ ಗೊತ್ತಿತ್ತು.

ಎರ್ರಮ್ಮ ಮಗನ ಕಡೆ ತಿರುಗಲಿಲ್ಲ. ಗಾದೆಮ್ಮನ ಬಲಗೈಯನ್ನು ಹಿಡಿದು ಹತ್ತಿರ ಎಳೆದುಕೊಂಡಳು, ಹುಣಸೆ ಗಂಜಿ ಒಣಗಿದ್ದ ಆ ಅಂಗೈಯ ನಡುವೆ ಗುಂಡನ್ನಿಟ್ಟಳು, ಬೆರಳುಗಳನ್ನು ಒಂದೊಂದಾಗಿ ಮಡಿಚಿ ಮುಚ್ಚಿದಳು.